ಅವ್ವನ ಅರಿವಳಿಕೆ

ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಜಾರಿಬಿದ್ದು ಅವ್ವನ ಸೊಂಟದ ಮೂಳೆ ಮುರಿಯಿತು. ಮಾದಿಹಳ್ಳಿಯಿಂದ ತಮ್ಮನ ಫೋನ್ ಬಂದಾಗ ನಾನು ಬೇಲೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಸಂಜೆಯೊಳಗೆ ಅವಳನ್ನು ಹಾಸನದ ಒಂದು ಆಸ್ಪತ್ರೆಗೆ ಸೇರಿಸಿದೆವು.

ಮಾರನೆಯ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಟೂಲ್ ಎಳೆದುಕೊಂಡು ಕೂತು ನೇರವಾಗಿ ಅವ್ವನಿಗೇ ಹೇಳಿದರು: “ಅಜ್ಜಿ, ಈ ಆಪರೇಷನ್ನಿಗೆ ಎರಡು ದಾರಿ ಇದೆ. ಒಂದು, ಪೂರ್ತಿ ಮಲಗಿಸಿಬಿಡೋದು. ಇನ್ನೊಂದು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸೋದು. ಎರಡನ್ನೂ ಇಲ್ಲಿ ದಿನಾ ಒಬ್ಬರಿಗಲ್ಲ ಒಬ್ಬರಿಗೆ ಕೊಡ್ತಾನೇ ಇರ್ತೀವಿ. ಆಪರೇಷನ್ ಆದ್ಮೇಲೆ ವಯಸ್ಸಾದ ಕೆಲವರಿಗೆ ಸ್ವಲ್ಪ ದಿನ ಬುದ್ಧಿ ಗೊಂದಲ ಆಗುತ್ತೆ. ಯಾವುದರಲ್ಲಿ ಅದು ಕಮ್ಮಿ ಅಂತ ಹೋಲಿಸಿ ನೋಡ್ತಿದ್ದೀವಿ. ನೀವು ಒಪ್ಪಿದ್ರೆ ಈ ಅಧ್ಯಯನಕ್ಕೆ ಸೇರಿಸ್ಕೋತೀವಿ. ಬೇಡ ಅಂದ್ರೂ ಚಿಕಿತ್ಸೇಲಿ ಏನೂ ಕಮ್ಮಿ ಮಾಡಲ್ಲ.”

“ಅವ್ವನಿಗೆ ಯಾವುದು ಕೊಡ್ತೀರಿ?” ಎಂದು ಕೇಳಿದೆ.

“ಅದನ್ನ ನಾನು ಆರಿಸೋ ಹಾಗಿಲ್ಲ ಮೇಡಂ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಶಾಲೆಯಲ್ಲಿ ಮಕ್ಕಳನ್ನು ಆಟಕ್ಕೆ ಗುಂಪು ಮಾಡುವಾಗ ಚೀಟಿ ಎತ್ತಿಸುತ್ತೇನೆ. ಅವ್ವನ ಜೀವಕ್ಕೂ ಚೀಟಿಯೇ? “ಯಾವುದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?” ಎಂದೆ. ದನಿ ಏರಿತ್ತು.

“ಗೊತ್ತಿಲ್ಲ,” ಎಂದರು, ತಡವರಿಸದೆ. ಡಾಕ್ಟರೊಬ್ಬರ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.

ಅವ್ವ ನನ್ನ ಕೈ ಅದುಮಿದಳು. “ನೀನು ಸುಮ್ಕಿರೇ. ಈ ಮಗ ಇದ್ದದ್ದು ಇದ್ದಂಗೆ ಹೇಳ್ತಾ ಐತೆ. ನಾನು ಸೇರ್ಕಂತೀನಿ ಕಣವ್ವ.”

ಅವ್ವನಿಗೆ ಬಂದದ್ದು ಬೆನ್ನಿನ ಇಂಜೆಕ್ಷನ್. ಪಕ್ಕದ ಮಂಚದಲ್ಲಿ ಅರಸೀಕೆರೆಯ ಅಜ್ಜಿಯೊಬ್ಬರಿದ್ದರು. ಅವರದ್ದೂ ಸೊಂಟದ ಮೂಳೆಯೇ. ಅವರನ್ನು ಪೂರ್ತಿ ಮಲಗಿಸುವ ಗುಂಪಿಗೆ ಹಾಕಿದ್ದರು.

ಆಪರೇಷನ್ ಮುಗಿಸಿ ಬಂದ ಅವ್ವ ಪಟಪಟ ಮಾತಾಡಿದಳು. “ಒಳಗೆ ಬಡಗಿ ಕೆಲಸ ಕಣೇ! ಸುತ್ತಿಗೇಲಿ ಬಡಿಯೋ ಸದ್ದು. ನನ್ ಮೂಳೆಗೇ ಬಡೀತಾವ್ರೆ ಅಂತ ಆಮೇಲೆ ಗೊತ್ತಾತು.” ಬುದ್ಧಿ ನೆಟ್ಟಗಿದೆಯಲ್ಲ ಎಂದು ಸಮಾಧಾನವಾಯಿತು. ಅದೇ ದಿನ ಆಪರೇಷನ್ ಆಗಿದ್ದ ಪಕ್ಕದ ಅಜ್ಜಿ ಇನ್ನೂ ಮಂಪರಿನಲ್ಲೇ ಇದ್ದರು. ಪಾಪ ಎನಿಸಿತು. ನಮ್ಮ ಅದೃಷ್ಟ ಚೆನ್ನಾಗಿತ್ತು ಅಂದುಕೊಂಡೆ.

ಮರುದಿನ ಸಂಜೆ ಗಂಜಿ ಕುಡಿಸಲು ಹೋದೆ. ಅವ್ವ ನನ್ನ ಕೈಯನ್ನು ತಳ್ಳಿದಳು.

“ಯಾರವ್ವ ನೀನು? ಹಾಲು ಕರೆಯೋ ಹೊತ್ತಾತು, ಬಿಡು ನನ್ನ.”

ಚಮಚ ಕೆಳಗೆ ಬಿತ್ತು. ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಬಸ್ಸಿನಲ್ಲಿ ಪಕ್ಕ ಕೂತ ಪರವೂರಿನವಳನ್ನು ನೋಡುವಂತೆ ನೋಡುತ್ತಿದ್ದಳು. ಹೊಲಿಗೆ ಹಾಕಿದ ಕಾಲನ್ನೇ ಮಂಚದಿಂದ ಇಳಿಸಲು ಹೊರಟಳು. ನಾನು “ಅವ್ವಾ, ಅವ್ವಾ” ಎನ್ನುತ್ತ ಹಿಡಿದುಕೊಂಡಷ್ಟೂ ಕೊಸರಾಡಿದಳು.

ಆಗ ಅರಸೀಕೆರೆಯ ಅಜ್ಜಿ, ಸ್ಪಷ್ಟ ದನಿಯಲ್ಲಿ, “ಏನಕ್ಕಾ, ಎಷ್ಟು ಹಸ ಕಟ್ಟಿದ್ದೀಯ?” ಎಂದರು. ಅವ್ವ ಅತ್ತ ತಿರುಗಿದಳು. ಹಸುಗಳ ಮಾತು ಶುರುಮಾಡಿ ಮೆಲ್ಲಗೆ ದಿಂಬಿಗೆ ಒರಗಿದಳು. ಅಷ್ಟರಲ್ಲಿ ನರ್ಸ್ ಡಾಕ್ಟರನ್ನು ಕರೆತಂದರು.

“ಇದು ಯಾವ ಊರು ಅಜ್ಜಿ?”

“ಹಳೇಬೀಡು,” ಎಂದಳು ಅವ್ವ.

ಹೊರಗೆ ಡಾಕ್ಟರಿಗೆ ಅಡ್ಡ ನಿಂತೆ. “ಪೂರ್ತಿ ಮಲಗಿಸಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?”

“ಹಾಗನ್ನೋಕಾಗಲ್ಲ ಮೇಡಂ. ಮಲಗಿಸಿದವರಲ್ಲೂ ಹೀಗಾದವರಿದ್ದಾರೆ. ಒಬ್ಬಿಬ್ಬರನ್ನ ನೋಡಿ ತೀರ್ಮಾನ ಮಾಡಿದ್ರೆ ತಪ್ಪಾಗುತ್ತೆ. ಸುತ್ತಮುತ್ತಲಿನವರ ಗುರುತು ಸಿಗೋ ಹಾಗೆ ಅವರ ಕನ್ನಡಕ ಹಾಕಿ, ಮಾತಾಡಿಸ್ತಾ ಇರಿ. ಸಾಮಾನ್ಯವಾಗಿ ಸರಿಹೋಗ್ತಾರೆ.”

ಆ ದಿನಗಳಲ್ಲಿ ಅವ್ವ ಒಮ್ಮೆ ನಮ್ಮವಳಾಗುತ್ತಿದ್ದಳು, ಮತ್ತೆ ಎಲ್ಲೋ ಹೋಗಿಬಿಡುತ್ತಿದ್ದಳು. ಒಂದು ಬೆಳಿಗ್ಗೆ ನನ್ನನ್ನೇ ದಿಟ್ಟಿಸಿ, “ಯಾಕೇ ಮುಖ ಹಿಂಗೆ ಬಾಡ್ಕಂಡೈತೆ? ಉಂಡಿಲ್ವಾ?” ಎಂದಳು. ಮಂಚದ ಕಂಬಿ ಹಿಡಿದು ಅಳುತ್ತಾ ಕೂತುಬಿಟ್ಟೆ.

ಈಗ ಅವ್ವ ಊರಲ್ಲಿ ವಾಕರ್ ಹಿಡಿದು ಓಡಾಡುತ್ತಾಳೆ. ಡಾಕ್ಟರು ಆಗಾಗ ಫೋನಿನಲ್ಲಿ ಅವಳನ್ನು ವಿಚಾರಿಸುತ್ತಾರೆ. ಅವರ ಅಧ್ಯಯನ ಇನ್ನೂ ಮುಗಿದಿಲ್ಲವಂತೆ. ಮೊನ್ನೆ ಊರಿಗೆ ಹೋದಾಗ ಅವಳಿಗೆ ಆ ಸಂಜೆಯ ವಿಷಯ ಹೇಳಿದೆ. ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ನಿನ್ನೇ ಗುರ್ತು ಹಿಡೀಲಿಲ್ವಾ ನಾನು?”

ನಾನು ಬಸ್ಸಿಗೆ ಹೊರಟಾಗ, ಇವತ್ತು ಇಲ್ಲೇ ಉಳಿ ಎಂದಳು. ಉಳಿದೆ.