ವೈರಿಲ್ಲದ ಗುಮಾನಿ

ನಮ್ಮ ಮನಿಯವರು ಕಂಪ್ಲಿಯ ಅಕ್ಕಿ ಮಿಲ್ಲಿನ್ಯಾಗ ಹಳೇ ಆಪರೇಟರು. ಮಿಷನ್ ಸಪ್ಪಳ ಕೇಳೇ ಅಕ್ಕಿ ನುಚ್ಚಾಗಾಕತ್ತೈತಿ ಅಂತ ಹೇಳಿಬಿಡ್ತಾರ. ಅದಕ್ಕೇ ಅವರಿಗೆ ಸಂಬಳ. ಅಂಥಾ ಮನುಷ್ಯ ಹೋದ ವರ್ಷ ಎರಡೂ ಕಿವಿಗೆ ಇಯರ್‌ಬಡ್ಸ್ ತುರುಕಿಕೊಂಡು ಓಡಾಡಾಕ ಶುರು ಮಾಡಿದ್ರು. ಕೇಳಿದ್ರ "ಹಾಡು" ಅಂದ್ರು. ಯಾರಿಗೆ ಹೇಳ್ತೀರಿ ಈ ಕತಿ?

ಹಾಡಿನ ಹುಚ್ಚು ಮೊದಲಿಂದ ಇತ್ತು, ಸುಳ್ಳ್ಯಾಕ ಹೇಳ್ಲಿ. ಮದುವಿ ಆದ ಹೊಸತರಾಗ ಹೊಸಪೇಟಿಂದ ವಾಕ್‌ಮನ್ ತಂದ್ರು. ಹಂಪ್ಯಾಗ ಬಂಡೆ ಮ್ಯಾಲೆ ಕುಂತು ಒಂದು ಕಿವಿ ಅವರಿಗೆ, ಒಂದು ಕಿವಿ ನನಗ. ಸೆಲ್ಲು ಮುಗಿದ್ರ ಬಿಸಿಲಿಗೆ ಕಾಸಿ ಮತ್ತ ಹಾಕ್ತಿದ್ವಿ. ಆಮ್ಯಾಲೆ ಬೆಂಕಿಪೆಟ್ಟಿಗಿಯಷ್ಟು ಎಂಪಿತ್ರೀ ಬಂತು, ಕಮಲಾಪುರದ ಅಂಗಡ್ಯಾಗ ಹಾಡು ತುಂಬಿಸಿಕೊಂಡು ಬರೋರು. ಆಮ್ಯಾಲೆ ಮೊಬೈಲು. ಯಾವುದು ಬಂದ್ರೂ ಒಂದು ಕಿವಿ ನನಗ ಕೊಡ್ತಿದ್ರು. ಈ ವೈರಿಲ್ಲದ್ದನ್ನ ಮಾತ್ರ ಮುಟ್ಟಾಕೂ ಬಿಡಲಿಲ್ಲ.

ಒಂದಿನ ನೋಡ್ತೀನಿ, ಮೊಬೈಲು ಸ್ವಿಚ್ ಆಫ್ ಆಗಿ ಚಾರ್ಜಿಗೆ ಬಿದ್ದೈತಿ. ಇವರು ಹಿತ್ತಲದಾಗ ಹಾಡು ಕೇಳಾಕತ್ಯಾರ! ಹಂಗಾದ್ರ ಇನ್ನೊಂದು ಫೋನ್ ಐತಿ, ಅದರ ಆ ಕಡಿ ಇನ್ನೊಬ್ಬಾಕಿ ಅದಾಳ. ತಿಂಗಳಿಗೊಮ್ಮೆ "ಕೆಲಸ ಐತಿ" ಅಂತ ಸಂಡೂರಿಗೆ ಹೋಗೋದು ಬ್ಯಾರೆ. ಅಂಗಿ ಕಿಸೆ, ಗಾಡಿ ಡಿಕ್ಕಿ, ಜ್ವಾಳದ ಡಬ್ಬಿ ಸುದ್ದಾ ಹುಡುಕಿದೆ. ಏನೂ ಸಿಗಲಿಲ್ಲ. ಭಾಳ ಶಾಣ್ಯಾರದಾರ ಅಂದುಕೊಂಡೆ.

ಕಡೀಕ ಅವರು ಜಳಕಕ್ಕ ಹೋದಾಗ ಅವೆರಡನ್ನೂ ನನ್ನ ಕಿವಿಗೆ ಹಾಕಿಕೊಂಡೆ. ಹಾಡಿಲ್ಲ. ಯಾವಾಕಿ ದನಿನೂ ಇಲ್ಲ. ಒಲಿ ಮ್ಯಾಲಿನ ಎಸರು, ಪಕ್ಕದ ಮನಿ ಪಾತ್ರಿ, ನನ್ನ ಕೈಬಳಿ ಸಪ್ಪಳ, ಎಲ್ಲಾ ಕಿವಿ ಒಡಿಯೋ ಹಂಗ. ಅಯ್ಯ ಶಿವನ! ಅದು ಕಿವಿ ಕೇಳದವರು ಹಾಕೋ ಮಿಷನ್ನು.

ಮೈ ಒರಸಿಕೊಂತ ಬಂದವರು ನನ್ನನ್ನ ನೋಡಿ ಅಲ್ಲೇ ಕುಂತ್ರು.

"ಸಂಡೂರಿನ ಡಾಕ್ಟರು ಕೊಟ್ಟಿದ್ದು. ಮಿಲ್ಲಿನ್ಯಾಗ ತಲಿಗೆ ವಸ್ತ್ರ ಸುತ್ತಿ ಮುಚ್ಚತೀನಿ. ಮಾಲಕರಿಗೆ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ."

"ನನಗರ ಹೇಳಬಾರದೇನ್ರಿ?" ಅಂದೆ. ಅವರು ನನ್ನ ಬಾಯಿ ನೋಡಿದ್ರು. ಮಿಷನ್ನು ನನ್ನ ಕಿವ್ಯಾಗಿತ್ತು. ಒದರಿ ಕೇಳೋಣಂದ್ರ ಗ್ವಾಡಿ ಆ ಕಡಿ ಮಾಲಕರ ತಂಗಿ ಮನಿ.

ತಗದು ನನ್ನ ಕೈಯಾರೆ ಅವರ ಕಿವಿಗೆ ಹಾಕಿದೆ. ಮೆಲ್ಲಕ ಅಂದೆ, "ತಪ್ಪಾತ್ರಿ. ನಿಮ್ಮ ಮ್ಯಾಲೆ ಗುಮಾನಿ ಪಟ್ಟೆ."

"ಗೊತ್ತೈತಿ," ಅಂದ್ರು. "ಅಡಗಿಮನ್ಯಾಗ ನಿಂತು ನಿಮ್ಮಕ್ಕಗ ಫೋನ್ ಹಚ್ಚಿ ಅಳ್ತಿದ್ದೆಲ್ಲ, ದಿನಾ ಕೇಳಿಸ್ತಿತ್ತು."