ಒರತೆಯ ಪಕ್ಕದ ಕೊಳವೆ

ನನ್ನ ಸೋದರತ್ತೆ ಎರ್ಮೆಲಿಂಡಾಳಷ್ಟು ಅನುಮಾನದ ಹೆಂಗಸು ಅನ್ಯೇಲೊ ಊರಿನ ಸುತ್ತಮುತ್ತ ಇನ್ನೊಬ್ಬಳಿಲ್ಲ. ಅಂಗಡಿಯವನ ತಕ್ಕಡಿ ಸರಿಯಿದ್ದರೂ ಸಕ್ಕರೆ ಚೀಲವನ್ನು ಕೈಯಲ್ಲೆತ್ತಿ ತೂಗಿ ನೋಡುತ್ತಾಳೆ. ಮೊಮ್ಮಗಳ ಜ್ಞಾನಸ್ನಾನಕ್ಕೆ ಪಾದ್ರಿ ತಂದ ನೀರನ್ನೂ ಮೊದಲು ನಾಲಿಗೆಗೆ ಸೋಕಿಸಿದ ಮಹಾತಾಯಿ. ಗಂಡ ಸತ್ತ ಮೇಲೆ ಮಕ್ಕಳನ್ನೂ ಮೇಕೆ ಹಿಂಡನ್ನೂ ಸಾಕಿದ್ದು ಮನೆ ಹಿಂದಿನ ಒರತೆಯ ನೀರಿನಲ್ಲಿ. ಅದೊಂದು ಕೆಟ್ಟರೆ ಅವಳ ಬದುಕೇ ಮುಗಿದಂತೆ.

ಬೆಟ್ಟದಾಚೆ ಅನಿಲದ ಬಾವಿ ಕೊರೆದು, ಮರಳು ಬೆರೆಸಿದ ನೀರನ್ನು ರಭಸದಿಂದ ನುಗ್ಗಿಸಿ ಆಳದ ಬಂಡೆ ಒಡೆಯುತ್ತಾರೆಂದು ಕೇಳಿದಾಗಲೇ ಅವಳಿಗೆ ನಿದ್ದೆ ಹಾರಿತು. ಬಿರುಕು ಎಲ್ಲಿಯವರೆಗೆ ಹರಿಯಿತೆಂದು ತಿಳಿಯಲು ಕಂಪನಿಯವರು ಅಲ್ಲಲ್ಲಿ ಕೊಳವೆ ಹೂತರು. ಕೆಳಗೆ ಬಿರುಕು ಬಂದು ನೆಲ ಕೂದಲೆಳೆಯಷ್ಟು ವಾಲಿದರೂ ಒಳಗಿನ ಯಂತ್ರ ಹಿಡಿಯುತ್ತದಂತೆ. ಒಂದು ಕೊಳವೆ ಒರತೆಯ ಪಕ್ಕದಲ್ಲೇ ಇತ್ತು. ನಮ್ಮ ಮಾತು ಕದ್ದು ಕೇಳಲು ಇಟ್ಟಿದ್ದಾರೆಂದು ಅತ್ತೆ ಅಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ.

ಬೇಸಿಗೆ ಕಳೆದ ಮೇಲೆ ಲಿಸಾಂದ್ರೊ ಎಂಬ ಇಂಜಿನಿಯರ್ ಬಂದ. ಬ್ಯೂನಸ್ ಐರಿಸ್‌ನ ಹುಡುಗ, ನಗುಮುಖದವನು. ಅತ್ತೆ ಒರತೆಯ ನೀರು ಕಾಯಿಸಿ, ಚಹಾದಂಥ ಮಾಟೆ ಎಲೆ ತುಂಬಿದ ಸೋರೆಬುರುಡೆಗೆ ಹೊಯ್ದು, ಹೀರುವ ನಳಿಕೆ ಸಿಕ್ಕಿಸಿ ಕೊಟ್ಟಳು, ಅವನು ಚಪ್ಪರಿಸಿ ಕುಡಿದ. ಬಿರುಕು ದೂರದಲ್ಲೇ ನಿಂತಿದೆ, ಹೆದರಬೇಡಿ ಎಂದ. ಹಾಗಾದರೆ ಒರತೆಯ ಪಕ್ಕದ ಯಂತ್ರ ಏನು ತೋರಿಸಿತು ಎಂದು ಅತ್ತೆ ಪಟ್ಟು ಹಿಡಿದಳು. ವಾಲಿದ್ದನ್ನು ತೋರಿಸಿದ್ದು ನಿಜ, ಆದರೆ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದ.

"ಯಾಕಪ್ಪಾ?"

"ನಿಮ್ಮ ಮೇಕೆಗಳಮ್ಮಾ. ನೀರಿಗೆ ಬಂದು ಅಲ್ಲೇ ತುಳಿದಾಡ್ತವಲ್ಲ, ಅದಕ್ಕೇ ವಾಲಿದೆ."

ಮಾಡುವುದೆಲ್ಲ ಮಾಡಿ ಮೂಕಪ್ರಾಣಿಗಳ ತಲೆಗೆ ಕಟ್ಟುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ಬುರುಡೆಗೆ ಮತ್ತೆ ಅದೇ ಒರತೆಯ ನೀರು ಹೊಯ್ದು ಅವನ ಕೈಗಿಟ್ಟು, ಬಂಡೆ ಒಡೆದದ್ದು ಯಾವಾಗ ಎಂದು ಕೇಳಿದಳು. ಜನವರಿಯಲ್ಲಿ ಎಂದ. ನಮ್ಮ ದೇಶದಲ್ಲಿ ಅದು ನಡುಬೇಸಿಗೆ.

"ಜನವರೀಲಿ ನನ್ ಮೇಕೆ ಒಂದೂ ಇಲ್ಲಿರ್ಲಿಲ್ಲ ಮಗಾ. ಬೇಸಿಗೆ ಪೂರ್ತಿ ಹಿಂಡು ಹೊಡ್ಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿರ್ತೀವಿ. ಆಗ ಇಲ್ಲಿ ನರಪಿಳ್ಳೇನೂ ಇರಲ್ಲ."

ಅವನು ನನ್ನ ಮುಖ ನೋಡಿದ. ಬೇಕಾದರೆ ಊರವರನ್ನೆಲ್ಲ ಕೇಳು ಎಂದೆ. ನಮ್ಮಲ್ಲಿ ಕೈಗೆ ಬಂದ ಮಾಟೆಯನ್ನು ಸುಮ್ಮನೆ ಹಿಡಿದು ಕೂರುವವರಿಲ್ಲ, ಕುಡಿದು ಬುರುಡೆ ಹಿಂದಿರುಗಿಸಬೇಕು. ಮತ್ತೊಮ್ಮೆ ಲೆಕ್ಕ ಮಾಡಿಸುತ್ತೇನೆ, ನೋಡೋಣ ಎಂದು ಏನೇನೋ ಹೇಳಿದ. ನಳಿಕೆಗೆ ಮಾತ್ರ ಬಾಯಿ ಇಡಲಿಲ್ಲ.

ಅತ್ತೆ ಅದನ್ನೇ ನೋಡುತ್ತಿದ್ದಳು. ಕೊನೆಗೆ ತಣ್ಣಗಾದ ಬುರುಡೆಯನ್ನು ಅವನ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಚೆಲ್ಲಿ, ಇನ್ನು ಮೇಲೆ ನದಿಯಿಂದ ನೀರು ತರಬೇಕು, ಡ್ರಮ್ಮುಗಳನ್ನು ಗಾಡಿಗೆ ಹೇರು ಎಂದು ನನಗೆ ಹೇಳಿದಳು.