ಮೂರು ಪಟ್ಟಿಯ ಇಳಿಜಾರು

ಚಂದ್ರಕಲಾ ಹುಟ್ಟಿದ್ದು ಚೋರನೂರಿನಲ್ಲಿ, ಮದುವೆಯಾಗಿ ಬಂದದ್ದು ಕುರೆಕುಪ್ಪಕ್ಕೆ. ಗಂಡ ಯಲ್ಲೇಶ್ ಟಿಪ್ಪರ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಅವಳು ಸಂಡೂರಿನ ಗುಡ್ಡಕ್ಕೆ ಅದಿರು ಜರಡಿ ಹಿಡಿಯಲು ಹೋಗುತ್ತಿದ್ದಳು. ೨೦೦೫ರಲ್ಲಿ ಅದಿರಿನ ರಾಶಿ ಅವಳ ಮೇಲೆಯೇ ಕುಸಿಯಿತು. ಸೊಂಟದ ಎಲುಬು ಕೂಡಿಕೊಂಡಿತೇ ಹೊರತು ಕಾಲಿಗೆ ಬಲ ಬರಲಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ. ಮೆಟ್ಟಿಲು ಇಳಿಯುವುದು ಆಗದ ಮಾತು.

ಎರಡು ವರ್ಷ ಹೊಸ್ತಿಲಲ್ಲಿ ಕೂತು ಓಣಿ ನೋಡಿದಳು. ತೋರಣಗಲ್ಲಿನ ಯೂನಿಫಾರಂ ಹೊಲಿಯುವ ಶೆಡ್ಡಿನಲ್ಲಿ ಮೋಟಾರು ಮಿಶಿನ್ ಇದೆ, ತುಳಿಯಬೇಕಿಲ್ಲ ಎಂದು ಯಾರೋ ಹೇಳಿದ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಯಲ್ಲೇಶ್ ಹಳೇ ಸ್ಕೂಟರೊಂದನ್ನು ತಂದು ಹಿಂದೆ ಎರಡು ಪಕ್ಕದ ಗಾಲಿ ಕೂಡಿಸಿದ.

ಆದರೆ ಮನೆ ಓಣಿಯಿಂದ ಎರಡಡಿ ಎತ್ತರ. ಕಾಯಂ ಇಳಿಜಾರು ಕಟ್ಟೋಣವೆಂದರೆ ಓಣಿ ಇದ್ದದ್ದೇ ಹನ್ನೆರಡಡಿ, ಹೆದ್ದಾರಿ ಜಾಮಾದಾಗೆಲ್ಲ ಟಿಪ್ಪರುಗಳು ಅಲ್ಲೇ ನುಗ್ಗುತ್ತಿದ್ದವು. ಸ್ಕೂಟರನ್ನು ಹೊರಗೆ ನಿಲ್ಲಿಸುವ ಹಾಗೂ ಇರಲಿಲ್ಲ.

"ಹಾಕಿ ತೆಗೆಯೂ ಹಂಗ ಮಾಡ್ತೀನಿ," ಎಂದ ಯಲ್ಲೇಶ್.

ಮೊದಲು ಕಬ್ಬಿಣದ ತಗಡಿನಿಂದ ಒಂದೇ ಹಲಗೆಯಂತೆ ಮಾಡಿದ. ಇಬ್ಬರು ಗಂಡಸರಿದ್ದರೂ ಎತ್ತಲಾಗಲಿಲ್ಲ. ಅದನ್ನು ಕತ್ತರಿಸಿ ಎಂಟಡಿ ಉದ್ದದ ಮೂರು ಪಟ್ಟಿ ಮಾಡಿದ. ನಡುವಿನದು ಸ್ಕೂಟರಿನ ಗಾಲಿಗೆ, ಅಕ್ಕಪಕ್ಕದವು ಕೂಡಿಸಿದ ಗಾಲಿಗಳಿಗೆ. ಗಾಲಿ ಜಾರದಂತೆ ಅಂಚು ಮಡಿಚಿದ, ಮೇಲೆ ಅಡ್ಡಡ್ಡ ಸರಳು ಬೆಸೆದ. ಹೊಸ್ತಿಲಿಗೆ ಕಬ್ಬಿಣದ ಕೋನಪಟ್ಟಿ ಬಡಿದು, ಮೂರಕ್ಕೂ ಕೊಕ್ಕೆ ಇಟ್ಟ. ಎದುರುಮನೆಯ ಕರೆಮ್ಮ ಒಬ್ಬಳೇ ಎತ್ತಿ ಗೋಡೆಗೆ ಆನಿಸುವಷ್ಟು ಹಗುರ.

ಮೊದಲ ದಿನ ಚಂದ್ರಕಲಾ ಬ್ರೇಕ್ ಹಿಡಿದೇ ಇಳಿದಳು. ಕೆಳಗೆ ಮುಟ್ಟಿದ ಮೇಲೂ ಬಿಡಲಿಲ್ಲ.

"ಬಿಡವ್ವ, ನೆಲಾ ಬಂತು," ಎಂದು ಕರೆಮ್ಮ ನಕ್ಕಳು.

ಹತ್ತೊಂಬತ್ತು ದಿನ ತೋರಣಗಲ್ಲಿಗೆ ಹೊಲಿಗೆ ಕೆಲಸಕ್ಕೆ ಹೋಗಿ ಬಂದಳು. ವಾಪಸು ಬಂದಾಗ ಎರಡು ಸಲ ಹಾರ್ನ್ ಹೊಡೆದರೆ ಕರೆಮ್ಮ ಬಂದು ಪಟ್ಟಿ ಹಾಕುತ್ತಿದ್ದಳು. ಮೈತುಂಬ ಕೆಂಪು ಧೂಳು ಮೆತ್ತಿರುತ್ತಿತ್ತು. ಅದನ್ನು ಕೊಡವಿಕೊಳ್ಳುವುದೂ ಅವಳಿಗೆ ಹಿತವಾಗಿತ್ತು.

ಇಪ್ಪತ್ತನೆಯ ದಿನ ಚಂದ್ರಕಲಾ ವಾಪಸು ಬಂದು ಓಣಿಯ ಅಂಚಿನಲ್ಲಿ ಸ್ಕೂಟರಿನ ಮೇಲೆ ಕಾಯುತ್ತಿದ್ದಳು. ಕರೆಮ್ಮ ಮೂರನೇ ಪಟ್ಟಿಯ ಕೊಕ್ಕೆ ಸಿಕ್ಕಿಸುತ್ತಿದ್ದಾಗ ಟಿಪ್ಪರೊಂದು ಓಣಿಗೆ ತಿರುಗಿತು. ಡ್ರೈವರ್ ಹಾರ್ನ್ ಹೊಡೆದನೇ ವಿನಾ ನಿಲ್ಲಿಸಲಿಲ್ಲ. "ಸರೀರಿ, ಜಲ್ದಿ ಸರೀರಿ!" ಎಂದು ಚಂದ್ರಕಲಾ ಚೀರಿದಳು. ಗಾಲಿ ಕರೆಮ್ಮನ ಕಾಲಿನಿಂದ ಗೇಣು ದೂರದಲ್ಲಿ ಹೋಯಿತು. ಸೀರೆಯ ನೆರಿಗೆ ಹರಿಯಿತು. ಪಟ್ಟಿಗಳು ಡೊಂಕಾಗಿ ಬಿದ್ದವು.

ಸಂಜೆ ಯಲ್ಲೇಶ್ ಬಂದು ಹೆಂಡತಿಯನ್ನು ಎತ್ತಿಕೊಂಡು ಒಳಗೆ ಕೂರಿಸುವವರೆಗೆ ಅವಳು ಸ್ಕೂಟರಿನ ಮೇಲೇ ಇದ್ದಳು. ಕರೆಮ್ಮನ ಮಗ ಜಂಬಯ್ಯ ಬಂದು ನಿಂತ. ಸಿಟ್ಟೇನೂ ಇರಲಿಲ್ಲ ಅವನ ದನಿಯಲ್ಲಿ.

"ಅಕ್ಕಾ, ಇನ್ನ ನಮ್ಮವ್ವನ್ನ ಕರೀಬ್ಯಾಡ್ರಿ."

"ಕರೆಯಂಗಿಲ್ಲಪ್ಪ," ಎಂದಳು. ಬೇರೆ ಏನು ಹೇಳಬಹುದಿತ್ತು?

ಯಲ್ಲೇಶ್ ಸೋಲಲಿಲ್ಲ. ಓಣಿಗೆ ಹೆಚ್ಚು ಚಾಚದಂತೆ ನಾಲ್ಕಡಿಯ ಪಟ್ಟಿ ಮಾಡಿದ, ಯಾರೂ ಎತ್ತಬೇಕಿಲ್ಲ ಎಂದು. ಭಾನುವಾರ ಚಂದ್ರಕಲಾ ಸ್ಕೂಟರ್ ಏರಿಸಿ ನೋಡಿದಳು. ಏರು ತೀರಾ ಕಡಿದಾಗಿ, ಅರ್ಧಕ್ಕೆ ಮುಂದಿನ ಗಾಲಿ ಗಾಳಿಗೆ ಎದ್ದಿತು. ಹಿಂದೆ ನಿಂತಿದ್ದ ಯಲ್ಲೇಶ್ ಎದೆ ಕೊಟ್ಟು ತಡೆಯದಿದ್ದರೆ ಮತ್ತೆ ಅದೇ ಸೊಂಟದ ಮೇಲೆ ಬೀಳುತ್ತಿದ್ದಳು.

ತೋರಣಗಲ್ಲಿನವರು ಎಂಟು ದಿನ ಕಾದು, ಅವಳ ಮಿಶಿನಿಗೆ ಬೇರೊಬ್ಬಳನ್ನು ಕೂರಿಸಿದರು.

"ಇನ್ನೊಂದು ಸಲ ಅಳತಿ ತಗೋತೀನಿ, ಆರಡಿ ಮಾಡಿದ್ರ ಹೆಂಗ?" ಎಂದ ಯಲ್ಲೇಶ್, ಊಟ ಮಾಡುತ್ತಾ.

"ಆರಡಿ ಆದ್ರೂ ಲಾರಿ ಬರ್ತಾವು."

ಮುಂದಿನ ವಾರ ಯಲ್ಲೇಶ್ ಸ್ಕೂಟರಿನ ಪಕ್ಕದ ಗಾಲಿಗಳನ್ನು ಬಿಚ್ಚಿ, ಕೆಲಸಕ್ಕೆ ಅದರ ಮೇಲೇ ಹೋಗತೊಡಗಿದ. ಅವಳೇ ಹಾಗೆ ಮಾಡು ಎಂದಿದ್ದಳು.